ಕಚ್ಚದ ಮೀನು

"ಕೈ ಹಾಕು ಲೇ."

ಸಂಗನಬಸವ ಸಾವಕಾರ ನನ್ನ ಮಣಿಕಟ್ಟು ಹಿಡಿದಿದ್ದ. ಬೆನ್ನ ಹಿಂದೆ ಇಬ್ಬರು ಹಮಾಲರು. ಬೆರಳಿಗೂ ನೀರಿಗೂ ಗೇಣು ಅಂತರವಿಲ್ಲ.

ಗಾಜಿನ ತೊಟ್ಟಿಯೊಳಗೆ ಮೀನುಗಳು... ಬೆಳ್ಳಿ ಮೈ, ಕೆಂಪು ಹೊಟ್ಟೆ.

"ಇವು ಪಿರಾನ್ಹಾ ಹೌದಲ್ಲೋ ಕುತುಬುದ್ದೀನ?"

"ಹೌದ್ರಿ."

"ಮನಷ್ಯಾರ ಮಾಂಸ ಹರಿಯೂ ಮೀನು?"

"ಹೌದ್ರಿ ಸಾವಕಾರ್ರ."

"ಹಂಗಾರ ಹಾಕು. ಕಚ್ಚಿದ್ರ ನೀ ಖರೆ ಮನಷ್ಯಾ. ಕಚ್ಚಲಿಲ್ಲಂದ್ರ ಕಾಲು ಮುರೀತೇನಿ."

ನೋಡಿದಿರಾ ನನ್ನ ಪಾಡು? ಮಾತು ಉಳಿದರೆ ಬೆರಳು ಹೋಗುತ್ತದೆ. ಬೆರಳು ಉಳಿದರೆ ಕಾಲು ಹೋಗುತ್ತದೆ!

ಅಂಗಡಿಯಲ್ಲಿ ಸಿಗದ್ದನ್ನು ಹುಡುಕಿ ತಂದುಕೊಡುವುದು ನನ್ನ ಧಂದೆ. ಈ ಮೀನುಗಳನ್ನೂ ಪಿರಾನ್ಹಾ ಎಂದು ಸಾವಕಾರನಿಗೆ ಮಾರಿದವನು ನಾನೇ. ಅಣ್ಣಿಗೇರಿಯಿಂದ ಕಲಘಟಗಿಯವರೆಗೆ ನನ್ನ ಬಂಡವಾಳ ಒಂದೇ... ನನ್ನ ಮಾತು.

ಮನುಷ್ಯರನ್ನು ಹರಿಯುವ ಮೀನು ಸಾಕಿದ್ದೇನೆಂದು ಸಾವಕಾರ ಪೇಟೆಗೆಲ್ಲ ಹೇಳಿಕೊಂಡು ತಿರುಗಿದ್ದ. ಲಿಂಗವಂತರ ಮನೆತನ, ಮಾಂಸ ಹೊಸ್ತಿಲು ದಾಟುವಂತಿಲ್ಲ. ಅದಕ್ಕೇ ತೊಟ್ಟಿಯನ್ನು ಕಾಳು ದಲಾಲಿಯ ಅಡತಿ ಅಂಗಡಿಯಲ್ಲಿ, ಕಡಲೆ ಚೀಲಗಳ ನಡುವೆ ಇಟ್ಟಿದ್ದ. ಹಮಾಲನೊಬ್ಬ ಮಾಂಸದ ಚೂರು ಹಾಕುತ್ತಿದ್ದ. ಇವತ್ತು ಸಾವಕಾರನ ತಾಯಿ ಮಲ್ಲಕ್ಕ ಅಂಗಡಿಗೆ ಬಂದವಳು, ಪಾಪ ಹಸಿದಾವೆಂದು ಮುಷ್ಟಿ ಚುರುಮರಿ ಎರಚಿಬಿಟ್ಟಳು. ಮೀನುಗಳು ಮುಗಿಬಿದ್ದು ತಿಂದವು. ಅದೂ ವ್ಯಾಪಾರಿಗಳ ಎದುರಿಗೆ!

ಪೇಟೆ ಇನ್ನೂ ನಗುತ್ತಿತ್ತು.

ಒಂದು ಪಿರಾನ್ಹಾ, ಇನ್ನೊಂದು ಊಟಕ್ಕೆ ಸಾಕುವ ಸಾಧು ಮೀನು ರೂಪಚಂದ... ಮರಿಯಲ್ಲಿ ಎರಡೂ ಒಂದೇ ಅಚ್ಚು. ಗುರುತು ಹಿಡಿಯುವುದನ್ನು ಕಲಿಸಿದವನು ಮೀನು ಸಾಕುವ ಗೆಳೆಯ ದಿನಕರ, ಈ ಮೀನುಗಳನ್ನು ಕೊಟ್ಟವನೂ ಅವನೇ, ಅದು ಸಾವಕಾರನಿಗೂ ಗೊತ್ತು. ಪಿರಾನ್ಹಾದ ಕೆಳದವಡೆ ಮುಂದಕ್ಕೆ ಚಾಚಿರುತ್ತದೆ, ಹಲ್ಲು ಗರಗಸ. ರೂಪಚಂದನ ಹಲ್ಲು ಚಪ್ಪಟೆ, ನಮ್ಮ ನಿಮ್ಮ ಹಲ್ಲಿನ ಹಾಗೆ.

ಇವುಗಳ ದವಡೆ ಚಾಚಿರಲಿಲ್ಲ. ತಂದ ದಿನವೇ ಕೇಳಿದ್ದೆ.

"ಇನ್ನೂ ಮರಿ ಅವ ಲೇ. ಬೆಳದ ಮ್ಯಾಲೆ ಚಾಚ್ತದ" ಎಂದಿದ್ದ.

ನಂಬಿದೆ. ಒಂದೇ ಬೆಂಚಿನ ಮೇಲೆ ಕೂತು ಕಲಿತ ಗೆಳೆಯನನ್ನು ನಂಬದೆ ಇನ್ಯಾರನ್ನು ನಂಬಲಿ?

ಕೈ ಹಾಕಿದೆ.

ಕಚ್ಚಲಿ... ಯಾ ಅಲ್ಲಾ, ಒಂದಾದರೂ ಕಚ್ಚಲಿ!

ಒಂದು ಬಂತು. ಬೆರಳನ್ನು ಬಾಯಲ್ಲಿ ಹಿಡಿದು ಮೆಲ್ಲಗೆ ಚೀಪಿ ಬಿಟ್ಟಿತು. ಬಾಯಿ ಬಿಟ್ಟಾಗ ಕಂಡವು... ಚಪ್ಪಟೆ ಹಲ್ಲುಗಳು.

ಕಾಲಿನ ನೆನಪೇ ಬರಲಿಲ್ಲ. ದಿನಕರ ಹಿಂಗ ಮಾಡಿದನಲ್ಲ!

"ಹಿಡೀರಿ ಇವನ್ನ."

ಹಮಾಲನ ಮೊಣಕಾಲಿಗೆ ಒದ್ದೆ. ಕಡಲೆ ಚೀಲ ಉರುಳಿಸಿದೆ. ಬೈಕ್ ಹತ್ತಿದೆ. ಹಿಂದೆಯೇ ಜೀಪು! ರಸ್ತೆ ಬಿಟ್ಟು ಹೊಲದ ಬದುವಿನ ಮೇಲೆ ಏರಿಸಿದೆ. ಬದುವಿನ ಮೇಲೆ ಜೀಪು ಬರಲಾರದು, ಅವರು ಸುತ್ತುಹಾಕಬೇಕು.

ನೇರ ಗುಡಗೇರಿಗೆ, ದಿನಕರನ ಮನೆಗೆ ಹೋದೆ.

"ಬಾರೋ ಕುತುಬ. ಮುಖ ಯಾಕ ಬಾಡೇದ? ಕೂಡು, ಚಹಾ ಮಾಡ್ತೀನಿ." ಅವನ ತಾಯಿ ತುಳಸಾಬಾಯಿ ಕಾಕು ಒಳಗೆ ಹೋದರು.

ದಿನಕರ ಮೊದಲು ನೋಡಿದ್ದು ನನ್ನ ಕೈಯನ್ನು.

"ಬೆರಳು ಎಲ್ಲಾ ಅವ ಅಲ್ಲಾ?"

ನಾನಿನ್ನೂ ಏನೂ ಹೇಳಿರಲಿಲ್ಲ.

"ಸಾವಕಾರ ಫೋನ್ ಮಾಡಿದ್ನೇನು?"

"ಮಾಡಿದ್ದ, ನಿನ್ನ ಕೈ ತೊಟ್ಟ್ಯಾಗ ಹಾಕಸ್ತೀನಿ ಅಂದ. ನಾ ರೂಪಚಂದ ಅಂತನ ಕೊಟ್ಟಿದ್ದೆ, ಹೆಸರು ಬದಲಿ ಮಾಡಿದಾಂವ ಕುತುಬ ಅಂದೆ."

"ದಿನ್ಯಾ..."

"ಖರೆ ಪಿರಾನ್ಹಾ ಎಲ್ಲಿಂದ ತರ್ಲಿ ನಾ? ಕಾಯಿಪಲ್ಲೆ ತಿನ್ನೂ ಸಾವಕಾರ ಮೀನಿನ ಬಾಯಿ ತಗದು ನೋಡ್ತಾನಂತ ನನಗ ಕನಸು ಬಿದ್ದಿತ್ತೇನು?"

"ನನಗರ ಹೇಳಬೇಕಿತ್ತಲ್ಲೋ."

"ಹೇಳಿದ್ರ ನೀ ಅಷ್ಟು ಖಾತ್ರಿಲೇ ಮಾರ್ತಿದ್ದೇನು? ನಿನಗ ಸುಳ್ಳು ಹೇಳ್ಲಿಕ್ಕೆ ಬರೂದಿಲ್ಲ ಕುತುಬ. ಅದಕ್ಕ ನಿನ್ನ ಕಳಿಸಿದ್ದು."

ಕೊರಳಪಟ್ಟಿ ಹಿಡಿದೆ. ಕೈ ಎತ್ತಿದೆ.

ಕಾಕು ಚಹಾ ಹಿಡಿದುಕೊಂಡು ಬಂದರು. ಎತ್ತಿದ ಕೈಯಲ್ಲೇ ಕಪ್ಪು ತೆಗೆದುಕೊಂಡು ಕೂತೆ.

"ಶುಂಠಿ ಹಾಕೀನಿ, ಕುಡಿ" ಎಂದು ತಲೆ ಸವರಿ ಹೋದರು. ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ.

ಹೊರಗೆ ಜೀಪು ನಿಂತಿತು. ದಿನಕರ ಬಾಗಿಲಿಗೆ ಹೋದ.

"ಬರ್ರಿ ಸಾವಕಾರ್ರ. ಒಳಗ ಇದ್ದಾನ."

ಹಿತ್ತಲ ಬಾಗಿಲು ತೆರೆದೇ ಇತ್ತು. ಓಡಬಹುದಿತ್ತು. ಓಡಿದರೆ ಹೆಸರು ಬದಲಿಸಿದವನು ನಾನೇ ಎಂದು ದಿನಕರ ಹೇಳಿದ್ದೇ ಖರೆ ಆಗುತ್ತದೆ.

ಚಹಾ ಬಿಸಿಯಿತ್ತು. ಊದಿ ಊದಿ ಪೂರ್ತಿ ಕುಡಿದೆ.

ಕಾಲು ಮುರಿಸಿಕೊಳ್ಳುವವನಿಗೆ ಅವಸರ ಎಂಥದ್ದು?