ಹಂದಿಮರಿ ಬೇಯುವ ತನಕ

ಪಿಸ್ತೂಲಿನ ಮೂತಿ ನನ್ನ ಕಿವಿಯ ಹಿಂದೆ ತಣ್ಣಗಿತ್ತು.

"ಕುಡಿ!" ಅಂದ ವಲ್ದೆಮಾರ್. "ಕುಡಿದು ಹೇಳು, ಒಡೆಟ್. ವೈನೋ, ವಿನೆಗರೋ?"

ಹೊರಗೆ ದ್ರಾಕ್ಷಿಬಳ್ಳಿಗಳ ಸಾಲಿನಲ್ಲಿ ಅವನ ಆಳು ಮೋಟಾರ್ ಗರಗಸ ಹಿಡಿದು ನಿಂತಿದ್ದ. ಗರ್ರ್... ಗರ್ರ್...

ನಾನು 'ವಿನೆಗರ್' ಎಂದರೆ ಸಾಕು. ಎರ್ಮೆಲಿಂದಾಳ ಅಜ್ಜ ನೆಟ್ಟ ಬಾಗಾ ದ್ರಾಕ್ಷಿಯ ಬಳ್ಳಿಗಳಲ್ಲಿ ಒಂದೂ ಉಳಿಯುವುದಿಲ್ಲ!

ಎರ್ಮೆಲಿಂದಾ ಒಲೆಯ ಬಳಿ ಕೂತಿದ್ದಳು. ಎಂಬತ್ತು ದಾಟಿದ ಮುದುಕಿ. ತನ್ನಪ್ಪ 1966ರಲ್ಲಿ ಮಾಡಿದ ಕೆಂಪು ವೈನನ್ನು, ಮನೆಯಲ್ಲಿದ್ದಷ್ಟನ್ನೂ, ಈ ಲಿಸ್ಬನ್ ದಾದಾನಿಗೆ ಮಾರಿದ್ದಳು. 'ಮೋಸ' ಎಂದು ಇವತ್ತು ಅವನು ಬಾಟಲಿಗಳ ಸಮೇತ ವಾಪಸು ಬಂದಿದ್ದ. ವೈನಿನ ಜಗಳ ಬಿಡಿಸುವುದು ನನ್ನ ದಂಧೆ. ಇಬ್ಬರೂ ನನ್ನನ್ನೇ ಕರೆಸಿದ್ದರು.

ಬರುವಾಗ ಗೇಟಿನ ಬಳಿ ಮಣ್ಣು ಕೆಂಪಗೆ ಒದ್ದೆಯಾಗಿತ್ತು. ರಕ್ತವೆಂದುಕೊಂಡಿದ್ದೆ... ಅಲ್ಲ.

ಗ್ಲಾಸು ಎತ್ತಿ ಮೂಸಿದೆ.

ಥೂ! ಕೋಳಿಗೂಡಿನ ನಾತ!

ನಾಲಿಗೆಗಿಟ್ಟೆ. ಹುಳಿ, ಒಗರು. ಆದರೆ ಗಂಟಲಲ್ಲಿ ವಿನೆಗರಿನ ಉರಿ ಇಲ್ಲ. ಇಷ್ಟು ವರ್ಷ ಬಾಟಲಿಯಲ್ಲಿ ಉಸಿರುಕಟ್ಟಿ ಮಲಗಿದ ಬಾಗಾ ವೈನು ಎದ್ದ ಕೂಡಲೇ ಹೀಗೆ ನಾರುವುದುಂಟು. ಗಾಳಿ ಸೋಕಿದ ಮೇಲೆ ಸರಿಹೋಗುತ್ತದೆ. ಕೆಲವು ಸರಿಹೋಗುವುದೇ ಇಲ್ಲ.

ಇದು ಯಾವ ಜಾತಿಯದು? ನನಗೂ ಗೊತ್ತಿರಲಿಲ್ಲ!

"ಹಂದಿಮರಿ ಬರಲಿ," ಅಂದೆ.

"ಏನು?"

"ನಮ್ಮ ಬೈರಾಡಾದಲ್ಲಿ ಬಾಗಾನ ಖಾಲಿ ಹೊಟ್ಟೇಲಿ ಅಳೆಯಲ್ಲ, ಮಾರಾಯ. ಒಲೇಲಿ ಮರಿ ಬೇಯ್ತಿದೆ. ಅಲ್ಲೀತನಕ ಗ್ಲಾಸು ಮುಟ್ಟಬೇಡ."

"ನಾಟಕ!"

"ಹಾಗಾದ್ರೆ ಗುಂಡು ಹೊಡಿ. ತೀರ್ಪನ್ನ ಆಮೇಲೆ ಆ ಗರಗಸದವನ ಹತ್ರ ಕೇಳು."

ಎರ್ಮೆಲಿಂದಾ ಒಲೆಯ ಬಳಿಯಿಂದಲೇ ಗದರಿದಳು. "ಕೂತ್ಕೊಳ್ಳೋ! ಲಿಸ್ಬನ್‌ನೋರಿಗೆ ಊಟಕ್ಕೂ ಪುರುಸೊತ್ತಿಲ್ವಾ?"

ಕೂತ. ಪಿಸ್ತೂಲು ಮಾತ್ರ ಇಳಿಯಲಿಲ್ಲ.

ಒಲೆಯಲ್ಲಿ ಕೊಬ್ಬು ಚಟಪಟ ಅನ್ನುತ್ತಿತ್ತು. ಹೊರಗೆ ಗರಗಸ ಗುರುಗುಟ್ಟುತ್ತಿತ್ತು.

ಕೊನೆಗೂ ಮರಿ ಮೇಜಿಗೆ ಬಂತು. ಗ್ಲಾಸು ಮೂಸಿದೆ...

ನಾತ ಹೋಗಿತ್ತು! ಒಣಗಿದ ಚೆರ್ರಿ... ಹೊಗೆಸೊಪ್ಪು... ಪೈನ್ ತೋಪಿನ ನೆರಳು...

"ಈಗ ಕುಡಿ."

ಕುಡಿದ. ಮರಿಯ ಗರಿಗರಿ ಚರ್ಮ ಕಚ್ಚಿದ. ಮತ್ತೆ ಕುಡಿದ. ಪಿಸ್ತೂಲು ತಟ್ಟೆಯ ಪಕ್ಕ ಮಲಗಿತು.

ಕಿಟಕಿಯತ್ತ ಕೂಗಿದ. "ಏಯ್, ಆಫ್ ಮಾಡೋ ಅದನ್ನ!"

ಆಮೇಲೆ ಅವನ ದನಿಯೇ ಬೇರೆ. "ಇನ್ನೂ ಇದೆಯಾ ಅಜ್ಜಿ? ಕೇಳಿದಷ್ಟು ಕೊಡ್ತೀನಿ."

"ಇದ್ದದ್ದೆಲ್ಲ ನಿಂಗೇ ಕೊಟ್ಟೆನಲ್ಲಪ್ಪ. ಬೆಳಿಗ್ಗೆ ಒಂದೊಂದೇ ಬಾಟಲಿ ಬಿಚ್ಚಿ, ಮೂಸಿ, ಗೇಟಲ್ಲಿ ಸುರಿದೋನು ಯಾರು? ಇದೇ ಕೊನೇದು."

ಅವನು ತಟಕ್ಕನೆ ಎದ್ದ. ಗೇಟಿನತ್ತ ಓಡಿದ.

ಅಲ್ಲಿ ಎರ್ಮೆಲಿಂದಾಳ ಕೋಳಿಗಳು ಕೆಂಪು ಮಣ್ಣು ಕುಕ್ಕುತ್ತ ತೂರಾಡುತ್ತಿದ್ದವು.

ಅವುಗಳಿಂದ ಒಂದು ದೂರೂ ಬಂದಿರಲಿಲ್ಲ!