ಓಲೆಮನೆಯ ಮುಳ್ಳುಹಂದಿ

ಬನ್ನಿರವ್ವ, ಬನ್ನಿರಪ್ಪ, ಕಾಲು ನೀಡಿ ಒರಗಿಕೊಳ್ಳಿ. ಹೂಂ ಅನ್ನುವುದಕ್ಕೆ ಒಬ್ಬರಾದರೂ ಎಚ್ಚರ ಇರಲಿ, ಕತೆ ತಾನಾಗಿ ನಡೆದು ಬರುತ್ತದೆ.

ಮೋಡಗಳು ನೆಲಕ್ಕೆ ಮೇಯಲು ಇಳಿಯುತ್ತಿದ್ದ ಕಾಲದಲ್ಲಿ ನೀಲಾವತಿ ಅಂತ ಒಂದು ರಾಜ್ಯವಿತ್ತು. ಅಲ್ಲಿ ನೂಲು ತೆಗೆಯುವ ಮಾಕವ್ವೆಗೆ ಹೊಂಬಾಳೆ ಅಂತ ಒಬ್ಬಳೇ ತಂಗಿ. ತನ್ನ ಹಾಡಿಗೆ ನಕ್ಕಳೆಂದು ಧೂಮಕೇತನೆಂಬ ಮಾಟಗಾರ ಆ ತಂಗಿಯನ್ನು ಜಿಂಕೆ ಮಾಡಿಬಿಟ್ಟ. ದಿನಕ್ಕಿಷ್ಟು ಮಾತು ಮರೆಯುತ್ತ ಬಂದಳು ಹೊಂಬಾಳೆ. ಏಳನೆಯ ಸಂಜೆಗೆ ಪೂರ್ತಿ ಮರೆತರೆ ಆಮೇಲೆ ಅವಳು ಕಾಡಿನ ಪಾಲು. ಮಾಟಗಾರನನ್ನು ಅವನ ತಾಯಿ ಇಟ್ಟ ಹೆಸರು ಹಿಡಿದು ಕರೆದರೆ ಮಾತ್ರ ಮಾಟ ಮುರಿಯುತ್ತದೆ ಅಂದರು ಹಿರಿಯರು. ಆ ಹೆಸರು ಬಲ್ಲವರು ಯಾರೂ ಬದುಕಿರಲಿಲ್ಲ.

ಮಾಕವ್ವೆ ಜಿಂಕೆಯನ್ನು ಕರೆದುಕೊಂಡು ಮೋಡದಂಚಿನ ಓಲೆಮನೆಗೆ ನಡೆದಳು. ರಾಜ್ಯದಲ್ಲಿ ಹುಟ್ಟಿದ ಕೂಸುಗಳ ಹೆಸರು, ಕಂಡ ಕನಸು, ನಡೆದ ಕತೆ ಎಲ್ಲವೂ ಅಲ್ಲಿ ತಾಳೆಗರಿಯ ಕಟ್ಟುಗಳಾಗಿ ತೇಲುತ್ತಿದ್ದವು. ಕಾಯುತ್ತಿದ್ದುದು ಆನೆಗಾತ್ರದ ಒಂದು ಮುಳ್ಳುಹಂದಿ. ಅದರ ಒಂದೊಂದು ಮುಳ್ಳಿಗೂ ಒಂದೊಂದು ಗುರುತಿನ ಚೀಟಿ. ಗುರುತು ಹೇಳಿದರೆ ಆ ಮುಳ್ಳು ನಿಗುರುತ್ತಿತ್ತು, ಅದರ ಕಟ್ಟು ತೇಲಿ ಬಂದು ಮಡಿಲಿಗೆ ಇಳಿಯುತ್ತಿತ್ತು. ಒಬ್ಬರು ಮೂರೇ ಸಲ ಕೇಳಬಹುದು.

ಮಾಕವ್ವೆ "ಮಾಟಗಾರ" ಅಂದಳು. ಸಾವಿರ ಮುಳ್ಳು ನಿಗುರಿದವು, ಸಾವಿರ ಕಟ್ಟು ಇಳಿದವು. ಬಿಚ್ಚಿ ನೋಡುವಷ್ಟರಲ್ಲಿ ಆರನೆಯ ದಿನವೂ ಕಳೆದುಹೋಯಿತು. ಅವನದು ಒಂದೂ ಇಲ್ಲ. ಎರಡನೆಯ ಸಲ "ಧೂಮಕೇತ" ಅಂದಳು. ಒಂದು ಮುಳ್ಳೂ ಅಲುಗಲಿಲ್ಲ.

ಮುಳ್ಳುಹಂದಿ ಆಕಳಿಸಿತು. "ನಿನ್ನ ಸಿಟ್ಟಿನ ಮಾತು ನನ್ನ ಚೀಟಿಯಲ್ಲಿಲ್ಲ ತಾಯಿ. ಓಲೆ ಬರೆದ ದಿನ ಕಣ್ಣಿಗೆ ಏನು ಕಂಡಿತೋ ಅದೇ ಗುರುತು. ಆಮೇಲೆ ಏನಾಯಿತು ಅನ್ನೋದು ಚೀಟಿಗೇನು ಗೊತ್ತು?"

ಮಾಕವ್ವೆ ಆ ಮಾತನ್ನು ಮನಸ್ಸಿನಲ್ಲೇ ತಿರುವಿ ನೋಡಿದಳು. ಏಳನೆಯ ದಿನದ ಬಿಸಿಲು ಇಳಿಯುತ್ತಿತ್ತು. ಹುಟ್ಟಿದ ದಿನ ಅವನು ಮಾಟಗಾರನಲ್ಲ, ಧೂಮಕೇತನೂ ಅಲ್ಲ, ಬರೀ ಕೂಸು. ಆ ಕೂಸಿನ ಮೈಮೇಲೆ ಸೂಲಗಿತ್ತಿ ಏನು ಕಂಡಿದ್ದಳೋ? ತಂಗಿಯ ಕೊರಳು ನೇವರಿಸಿ, ಮಂತ್ರ ಹಾಕುವಾಗ ಅವನ ಮೈಯಲ್ಲಿ ಏನು ಕಂಡೆ ಅಂತ ಕೇಳಿದಳು. ಜಿಂಕೆಯ ಬಾಯಲ್ಲಿ ಉಳಿದಿದ್ದು ನಾಲ್ಕೇ ಮಾತು.

"ಎಡಗೈ... ಆರು ಬೆರಳು, ಅಕ್ಕಾ."

"ಆರು ಬೆರಳಿನ ಕೂಸು" ಅಂದಳು ಮಾಕವ್ವೆ. ಮೂರು ಮುಳ್ಳು ನಿಗುರಿದವು. ಉಸಿರು ಬಿಡದೆ "ಎಡಗೈಯಲ್ಲಿ" ಅಂತ ಸೇರಿಸಿದಳು. ಎರಡು ಮಲಗಿದವು. ಉಳಿದ ಒಂದರ ಓಲೆ ಮಡಿಲಿಗೆ ಬಂತು.

ತನ್ನ ಓಲೆ ಬಿಚ್ಚಿದ್ದು ತಿಳಿದು ಧೂಮಕೇತ ಹೊಗೆಯಾಗಿ ಸುತ್ತಿಕೊಂಡು ಬಂದ. ಮಾಕವ್ವೆ ಬಯ್ಯಲಿಲ್ಲ, ಬೆದರಲಿಲ್ಲ. ತೊಟ್ಟಿಲ ಕೂಸನ್ನು ಕರೆದ ಹಾಗೆ ಕರೆದಳು.

"ಮುದ್ದಯ್ಯ, ಬಾರಪ್ಪ."

ಮುನ್ನೂರು ವರ್ಷದಿಂದ ಅವನನ್ನು ಯಾರೂ ಹಾಗೆ ಕರೆದಿರಲಿಲ್ಲ. ಹೊಗೆ ಕರಗಿತು. ಅಲ್ಲಿ ಒಬ್ಬ ಮುದುಕ ಕೂತು ಬಿಕ್ಕುತ್ತಿದ್ದ.

ಹೊಂಬಾಳೆಗೆ ಕೈಕಾಲು ಬಂದವು. ಮಾತಂತೂ ಎಷ್ಟು ಬಂತೆಂದರೆ, ಗಂಡನ ಮನೆಯಲ್ಲಿ ಅವಳ ಬಾಯಿ ಮುಚ್ಚಿಸಿದವರು ಹುಟ್ಟಲಿಲ್ಲ. ಮಾಕವ್ವೆ ಮೋಡದಿಂದಲೇ ನೂಲು ತೆಗೆಯುವುದನ್ನು ಕಲಿತು, ಊರಿಗೆಲ್ಲ ತಣ್ಣನೆಯ ಸೀರೆ ಉಡಿಸಿ ಸುಖವಾಗಿದ್ದಳು. ಮುದ್ದಯ್ಯ ಓಲೆಮನೆಯಲ್ಲೇ ನಿಂತು ಚೀಟಿ ಬರೆಯತೊಡಗಿದ. ಕಂಡದ್ದಕ್ಕಿಂತ ಒಂದಕ್ಷರ ಹೆಚ್ಚು ಬರೆದರೆ ಮುಳ್ಳು ಚುಚ್ಚುತ್ತಿತ್ತು, ಹಾಗಾಗಿ ಒಳ್ಳೆಯವನೇ ಆದ. ಕೆಲಸಕ್ಕೆ ಜೊತೆ ಸಿಕ್ಕಿದ ಮೇಲೆ ಮುಳ್ಳುಹಂದಿ ಮುಳ್ಳು ಮಡಚಿ, ಮೋಡಕ್ಕೆ ತಲೆಯಿಟ್ಟು, ಸಾವಿರ ವರ್ಷದಲ್ಲಿ ಮೊದಲ ಸಲ ಕಣ್ಣು ಮುಚ್ಚಿ ಮಲಗಿತು.