ಗಾಜು ಹೊರುವ ಗಾಡಿಯ ಸ್ಟೀರಿಂಗ್

“ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಳಂತೆ,” ಎಂದರು ಅಪ್ಪ, ಗ್ಯಾರೇಜಿನ ಬಾಗಿಲಲ್ಲೇ ನಿಂತು, ಮೆಕ್ಯಾನಿಕ್‌ಗೂ ಕೇಳಿಸುವ ಹಾಗೆ.

ನಮ್ಮದು ಗಾಜಿನ ಅಂಗಡಿ. ಕಿಟಕಿಯ ಗಾಜು, ಕನ್ನಡಿಗಳನ್ನು ಹಳೆಯ ಪಿಕಪ್‌ನಲ್ಲಿ ಮನೆಮನೆಗೆ ಮುಟ್ಟಿಸುವವಳು ನಾನು. ಡಿಗ್ರಿ ಮುಗಿದ ಮೇಲೆ ನಾನಾಗಿಯೇ ಆರಿಸಿಕೊಂಡ ಕೆಲಸ. ಆ ಕ್ಯಾಬಿನ್ನಿನಲ್ಲಿ ಯಾರೂ ನನ್ನನ್ನು ಮಾತಾಡಿಸುವುದಿಲ್ಲ. ನನಗೆ ಅದೇ ಹಿತ.

ಕೆಲವು ತಿಂಗಳಿಂದ ಗಾಡಿ ಬದಲಾಗಿತ್ತು. ಸ್ಟೀರಿಂಗ್ ತಿರುಗಿಸಿದರೆ ಒಂದು ಕ್ಷಣ ಯೋಚಿಸಿ ಆಮೇಲೆ ತಿರುಗುತ್ತಿತ್ತು. ನೇರ ರಸ್ತೆಯಲ್ಲೂ ಅಲೆಯುತ್ತಿತ್ತು. ಹಿಂದಿನ ವಾರ ಆಳೆತ್ತರದ ಕನ್ನಡಿಯೊಂದು ಒಡೆಯಿತು. ಬೇರೆ ಗ್ಯಾರೇಜಿನವರು ಟೈರ್ ಬದಲಿಸಿದರು, ಅಲೈನ್‌ಮೆಂಟ್ ಮಾಡಿದರು, ಲಿಫ್ಟ್ ಮೇಲೇರಿಸಿ ಚಕ್ರ ಅಲ್ಲಾಡಿಸಿ ನೋಡಿ, “ಗಾಡೀಲಿ ಏನೂ ಇಲ್ಲ, ಓಡಿಸೋರು ನೆಟ್ಟಗೆ ಓಡಿಸ್ಬೇಕು” ಎಂದರು. ಅಪ್ಪನಿಗೆ ಅಷ್ಟು ಸಾಕಾಯಿತು. ಇಲ್ಲಿಯೂ ಏನೂ ಸಿಗದಿದ್ದರೆ ನಾಳೆಯಿಂದ ಬೇರೆ ಡ್ರೈವರ್, ನಾನು ಕೌಂಟರಿಗೆ.

ನಾನು ದಿನಾ ಗಾಡಿಯಲ್ಲಿ ದಾಟುವ ತಿರುವಿನಲ್ಲೇ ಈ ಗ್ಯಾರೇಜು; ಮೆಕ್ಯಾನಿಕ್ ಮಾತು ಕಡಿಮೆಯವನು. ಗಾದೆಗೂ ನಗಲಿಲ್ಲ. ಕೀಲಿ ಇಸಿದುಕೊಂಡು ಅಂಗಳದಲ್ಲಿ ಒಂದು ಸುತ್ತು ಹಾಕಿ ಬಂದ. ಇಳಿದವನು ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು ನನ್ನನ್ನು ನೋಡಿದ. ಬರೀ ಒಂದು ನೋಟ. ಅದರಲ್ಲಿ ದೂರಿರಲಿಲ್ಲ.

“ನೀವು ಹತ್ತಿ ಕೂತ್ಕೊಳ್ಳಿ. ಹ್ಯಾಂಡ್‌ಬ್ರೇಕ್ ಹಾಕಿ.”

“ಲಿಫ್ಟಿಗೆ ಹಾಕಲ್ವಾ?”

“ಬೇಡ. ಭಾರ ಚಕ್ರದ ಮೇಲೇ ಇರ್ಲಿ.”

ಚಕ್ರಗಳಿಗೆ ಮರದ ತುಂಡು ಒತ್ತುಕೊಟ್ಟು, ಅವನು ಹಲಗೆಯ ಮೇಲೆ ಮಲಗಿ ಗಾಡಿಯಡಿಗೆ ಜಾರಿದ. ತೆರೆದ ಬಾಗಿಲಿನಿಂದ ನನಗೆ ಕಾಣುತ್ತಿದ್ದದ್ದು ಅವನ ಬೂಟುಗಳು ಮಾತ್ರ.

“ಎಂಜಿನ್ ಆನ್ ಮಾಡಿ. ಸ್ವಲ್ಪ ಎಡ, ಸ್ವಲ್ಪ ಬಲ. ಮೆತ್ತಗೆ.”

ನಾನು ತಿರುಗಿಸಿದೆ. ಅವನು ಒಂದೊಂದೇ ಕೀಲಿನ ಮೇಲೆ ಬೆರಳಿಟ್ಟು ಕಾಯುತ್ತಿದ್ದ. “ಇದಲ್ಲ,” ಎನ್ನುತ್ತಿದ್ದ. ಮತ್ತೆ ಮೌನ. ಇಷ್ಟು ಗಮನ ತುಂಬಿದ ಮೌನವನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ. ನನ್ನ ಕೈಯ ಸಣ್ಣ ಚಲನೆಯೂ ಕಬ್ಬಿಣದ ಮೂಲಕ ಹರಿದು ಅವನ ಬೆರಳಿಗೆ ತಲುಪುತ್ತಿದೆ ಎನಿಸಿ ಕೆನ್ನೆ ಬಿಸಿಯಾಯಿತು.

“ಕೈಗೆ ಏನನ್ಸುತ್ತೆ?” ಕೆಳಗಿನಿಂದ ಕೇಳಿದ.

ಯಾರೂ ನನ್ನ ಬಳಿ ಅದನ್ನು ಕೇಳಿರಲಿಲ್ಲ.

“ಎಡಕ್ಕೆ ಹೋಗ್ತಾ ಖಾಲಿ ಖಾಲಿ. ವಾಪಸ್ ಬರೋವಾಗ ಟಕ್ ಅಂತ ಏನೋ ಕೂರುತ್ತೆ.”

“ಹಾಗಾದ್ರೆ ಮೇಲ್ಗಡೆ ಇದೆ.” ಬೂಟುಗಳು ಸರಿದವು. ಸ್ವಲ್ಪ ಹೊತ್ತಿನ ನಂತರ, “ಸರಿಯಾಗಿ ಹೇಳಿದ್ರಿ. ಅಪ್ಪನ್ನ ಕರೀರಿ. ನೀವು ತಿರುಗಿಸ್ತಾನೇ ಇರಿ.”

ಅಪ್ಪ ಮಂಡಿಯನ್ನು ಶಪಿಸುತ್ತಾ ಬಗ್ಗಿದರು. ಸ್ಟೀರಿಂಗ್ ಬಾಕ್ಸನ್ನು ಗಾಡಿಯ ಚೌಕಟ್ಟಿಗೆ ಬಿಗಿದಿರುವ ಕಡೆ, ಕೆಸರಿನಡಿ, ಕೂದಲೆಳೆಯಂಥ ಬಿರುಕಿತ್ತು. ನಾನು ತಿರುಗಿಸಿದಾಗ ಮೊದಲು ಬಾಕ್ಸೇ ಅಲುಗುತ್ತಿತ್ತು, ಚಕ್ರ ಆಮೇಲೆ. ಲಿಫ್ಟಿನಲ್ಲಿ ಚಕ್ರಗಳು ಗಾಳಿಯಲ್ಲಿ ತೂಗುವಾಗ ಭಾರವಿಲ್ಲ, ಬಿರುಕು ಬಾಯಿ ಬಿಡುವುದಿಲ್ಲ.

“ಇಂಥ ಗಾಡೀಲಿ ಗಾಜು ಹೊತ್ತು ಓಡಾಡಿದಾರೆ ಇವರು,” ಎಂದ ಮೆಕ್ಯಾನಿಕ್, ಎದ್ದು ಕುಳಿತು. “ನಾನು ಒಂದು ಸುತ್ತಿಗೇ ಬೆವತ್ಹೋದೆ. ಡ್ರೈವರ್ ಬದಲಾಯಿಸ್ಬೇಡಿ ಸಾರ್.”

ಅಪ್ಪ ನನ್ನ ಮುಖ ನೋಡಲಾರದೆ ಅವನಿಗೆ ಹೇಳಿದರು: “ಅಬ್ಬಾ, ನೀನು ಇಷ್ಟು ಮಾತಾಡ್ತೀಯೇನಯ್ಯಾ? ತುಕ್ಕು ಹಿಡಿದ ನಟ್ಟು ಬಿಚ್ಕೊಂಡ ಹಾಗಾಯ್ತು.” ಆಮೇಲೆ ಮೆಲ್ಲಗೆ ನನ್ನ ಭುಜ ತಟ್ಟಿ, “ಆಯ್ತಮ್ಮ. ಡೊಂಕು ನೆಲದ್ದೇ,” ಎಂದು ಅಂಗಡಿಗೆ ಹೊರಟರು.

ಮರುದಿನ ಸಂಜೆ ಬಿರುಕಿಗೆ ಬೆಸುಗೆ ಬಿದ್ದು, ಮೇಲೊಂದು ಕಬ್ಬಿಣದ ಪಟ್ಟಿ ಕೂತಿತ್ತು. ಟೆಸ್ಟ್ ಡ್ರೈವ್‌ಗೆ ಅವನು ಪಕ್ಕದಲ್ಲಿ ಕುಳಿತ. ಗಾಡಿ ಮಾತ್ರ ಹಾವಿನಂತೆ ಹೊರಳುತ್ತಾ ಹೊರಟಿತು.

“ಸರಿಹೋಗಿಲ್ಲ!” ಎಂದೆ ಗಾಬರಿಯಿಂದ.

“ಗಾಡಿ ಸರಿಯಾಗಿದೆ. ನಿಮ್ಮ ಕೈ ಇನ್ನೂ ಹಳೇ ಗಾಡೀನ ತಿದ್ದುತ್ತಿದೆ.” ಸ್ಟೀರಿಂಗ್‌ಗೆ ಅವನು ಕೈ ಚಾಚಲಿಲ್ಲ. ತನ್ನ ಕೈಗಳನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದ, ಸೈಕಲ್‌ಗಳು ಅಡ್ಡ ನುಗ್ಗುತ್ತಿದ್ದ ಆ ರಸ್ತೆಯಲ್ಲೂ. “ಬೆರಳು ಸಡಿಲ ಬಿಡಿ. ಅದೇ ಹೋಗುತ್ತೆ.”

ಬಿಟ್ಟೆ. ಗಾಡಿ ನೇರ ಹೋಯಿತು. ಇಷ್ಟು ತಿಂಗಳು ನನ್ನ ಭುಜಗಳು ಎಷ್ಟು ಬಿಗಿದಿದ್ದವೆಂದು ಆಗ ತಿಳಿಯಿತು. ಕಣ್ಣು ತುಂಬಿತು. ಅವನು ಅದನ್ನು ಕಂಡೂ ಕಿಟಕಿಯಾಚೆ ನೋಡಿದ. ಆ ಸೂಕ್ಷ್ಮತೆಗೇ ನಾನು ಪೂರ್ತಿ ಸೋತೆ.

ಗೋದಾಮುಗಳ ಉದ್ದ ಗೋಡೆಯ ಪಕ್ಕ ಹೋಗುತ್ತಿರುವಾಗ, ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದೆ: “ನಂಗೆ ನೀವು ಇಷ್ಟ ಆಗಿಬಿಟ್ಟಿದೀರ.”

“ಪಕ್ಕಕ್ಕೆ ನಿಲ್ಲಿಸಿ,” ಎಂದ.

ನಿಲ್ಲಿಸಿದೆ. ಇಳಿದು ನಡೆದುಬಿಡುತ್ತಾನೆ ಎಂದುಕೊಂಡೆ. ಅವನು ಕೈ ಚಾಚಿ ಎಂಜಿನ್ ಆರಿಸಿದ. ಕಿವಿಯ ತುದಿಗಳು ಕೆಂಪಾಗಿದ್ದವು.

“ಎಂಜಿನ್ ಸದ್ದಲ್ಲಿ ಸರಿಯಾಗಿ ಕೇಳಿಸ್ಲಿಲ್ಲ.”

“ಸುಳ್ಳು. ಕೇಳಿಸಿದೆ.”

“ಕೇಳಿಸಿದೆ,” ಎಂದು ಒಪ್ಪಿಕೊಂಡ, ನಗುತ್ತಾ. “ಅದಕ್ಕೇ ಇನ್ನೊಂದ್ಸಲ.”

ಮತ್ತೆ ಹೇಳಿದೆ. ಈ ಸಲ ಅವನ ಕಡೆ ತಿರುಗಿ.

ಅವನು ಅಂಗೈಗಳನ್ನು ಮತ್ತೆ ಪ್ಯಾಂಟಿಗೆ ಒರೆಸಿಕೊಂಡ. “ಈ ಗಾಡಿ ತಿರುವಿಗೆ ಬಂದ್ರೆ ಸದ್ದಲ್ಲೇ ಗೊತ್ತಾಗುತ್ತೆ ನಂಗೆ. ನೀವು ದಾಟೋವರೆಗೂ ಕೆಲಸ ನಿಲ್ಲಿಸ್ತೀನಿ. ಮೊದ್ಲಿಂದಾನೂ.”

ರಸ್ತೆದೀಪಗಳು ಹೊತ್ತಿಕೊಂಡವು. ಕೀಲಿಯ ಕಡೆಗೆ ಇಬ್ಬರ ಕೈಯೂ ಹೋಗಲಿಲ್ಲ.